ತಿಪ್ಪವ್ವ ಮೊಮ್ಮಗನನ್ನು ಕೆಳಗಿಳಿಸಿದ್ದು

ತಿಪ್ಪವ್ವನ ಎಡ ಬಗಲು ಯಾವಾಗಲೂ ತುಂಬಿರುತ್ತಿತ್ತು. ಬಲಗೈಯಲ್ಲಿ ಅವಳು ಅಂಗಳ ಗುಡಿಸುತ್ತಿದ್ದಳು, ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು, ಒಲೆಯ ಕಟ್ಟಿಗೆ ಮುಂದೂಡುತ್ತಿದ್ದಳು. ಎಡಗಡೆ ಸೊಂಟದ ಮೇಲೆ ಮೊಮ್ಮಗ ಸಿದ್ದು ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದ. ಅವನಿಗೆ ಎರಡು ತುಂಬುತ್ತ ಬಂದಿತ್ತು. ಅವನ ಅಂಗಾಲು ಅಲ್ಲಿಯತನಕ ಒಮ್ಮೆಯೂ ನೆಲಕ್ಕೆ ತಾಗಿರಲಿಲ್ಲ.

“ಸೊಂಟ ಮುರದ ಹೋತ ನನ್ನವ್ವಾ” ಎಂದು ತಿಪ್ಪವ್ವ ಹೊತ್ತು ಹೊತ್ತಿಗೆ ಗೊಣಗುತ್ತಿದ್ದಳು. ಯಾರಾದರೂ “ಕೊಡಬೇ ಇಲ್ಲಿ” ಎಂದು ಕೈ ಚಾಚಿದರೆ ಅದೇ ಸೊಂಟವನ್ನು ಆ ಕಡೆ ತಿರುಗಿಸಿಬಿಡುತ್ತಿದ್ದಳು.

ಇದು ೧೯೭೩ರ ಮಳೆಗಾಲದ ಮಾತು. ನಾನು ಆಗ ಝಳಕಿಯಲ್ಲಿ ವಿಜ್ಞಾನದ ಮಾಸ್ತರ. ನನ್ನ ಬಾಡಿಗೆಯ ಖೋಲಿ ತಿಪ್ಪವ್ವನ ಮನೆಯ ಗೋಡೆಗೆ ಹತ್ತಿಕೊಂಡೇ ಇತ್ತು. ಅವಳ ಗಂಡ ಧೂಳಪ್ಪ ಮನೆಯೊಳಗೆ ಮಗ್ಗದ ಕುಣಿಯಲ್ಲಿ, ನೆಲದಲ್ಲಿ ತೋಡಿದ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುತ್ತಿದ್ದ. ಅವನು ದಿನಕ್ಕೆ ಎರಡು ಮಾತು ಆಡಿದರೆ ಹೆಚ್ಚು. ಉಳಿದ ಮಾತನ್ನೆಲ್ಲ ತಿಪ್ಪವ್ವನೇ ಆಡುತ್ತಿದ್ದಳು. ಮಗ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಸೊಸೆ ರಾಮವ್ವ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದಳು.

ರಾಮವ್ವನ ಮೊದಲ ಎರಡು ಮಕ್ಕಳು ಉಳಿದಿರಲಿಲ್ಲ. ಎರಡನೆಯದು ಅಂಬೆಗಾಲಿಡುವ ವಯಸ್ಸಿನದು. ಮಳೆಗಾಲದಲ್ಲಿ ಸೆಗಣಿ ಸಾರಿಸಿದ ಹಸಿ ನೆಲದ ಮೇಲೆ ಹರಿದಾಡಿ ಕೆಮ್ಮು ಹತ್ತಿಸಿಕೊಂಡು ಹೋಯಿತು. ತಿಪ್ಪವ್ವ ಕೆಮ್ಮನ್ನು ಬೈಯಲಿಲ್ಲ, ನೆಲವನ್ನು ಬೈದಳು. ಸಿದ್ದು ಹುಟ್ಟಿದಾಗ ಮನೆದೇವರು ಅಮೋಘಸಿದ್ಧನಿಗೆ ಕೈಮುಗಿದು, “ಇವನ ಜವಳ ತೆಗಸೂತನಕ ಕಾಲು ಮಣ್ಣಿಗೆ ಹಚ್ಚಂಗಿಲ್ಲ” ಎಂದು ಹರಕೆ ಹೊತ್ತಳು.

ಜವಳ ಎಂದರೆ ಮಗುವಿನ ಹುಟ್ಟುಗೂದಲು ತೆಗೆಸುವುದು. ಹರಕೆ ಹೊತ್ತಾಗ ಅದು ಕೆಲವೇ ತಿಂಗಳ ಮಾತಾಗಿತ್ತು. ಆದರೆ ಜವಳಕ್ಕೆ ಸೋದರಮಾವ ಬೇಕು. ಮಗುವನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಮೊದಲ ಎಳೆ ಅವನೇ ಕತ್ತರಿಸಬೇಕು. ರಾಮವ್ವನ ಅಣ್ಣ ಕಾಳಪ್ಪ ಇಂಗಳೇಶ್ವರದವನು, ಕುರಿ ಸಾಕಿದವನು. ಸಿದ್ದುವಿನ ಮೊದಲ ವರ್ಷದಲ್ಲಿ ಮಳೆ ಕೈಕೊಟ್ಟಿತು. ಕಾಳಪ್ಪ ತಂಗಿಯ ಗಂಡನನ್ನೂ ಕರೆದುಕೊಂಡು, ಮೇವು ಹುಡುಕುತ್ತ ಸಿಂದಗಿ ದಾಟಿ, ಮುದ್ದೇಬಿಹಾಳ ದಾಟಿ ಹೊಳೆಯ ಕಡೆ ಕುರಿ ಹೊಡೆದುಕೊಂಡು ಹೋದ. ತಿರುಗಿ ಬರುವಷ್ಟರಲ್ಲಿ ಹುಡುಗನಿಗೆ ಎರಡನೆಯ ವರ್ಷ ನಡೆದಿತ್ತು. ಎರಡು ಸರಿ ಸಂಖ್ಯೆ. ಜವಳ ಬೆಸದಲ್ಲೇ ಆಗಬೇಕು. ಹಾಗಾಗಿ ಮೂರನೆಯದು ಹಿಡಿಯುವತನಕ ಕಾಯಬೇಕಾಯಿತು. ಹರಕೆ ಹೊತ್ತವಳು ಮೊಮ್ಮಗನನ್ನೂ ಹೊತ್ತಳು.

ಇಂಡಿಯಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಹಜರಾಬಿ ಎಂಬ ನರ್ಸು ಬರುತ್ತಿದ್ದಳು. ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ತೂಕ ನೋಡುವುದು ಅವಳ ಕೆಲಸ. ಹೆಂಗಸರಿಗೆಲ್ಲ ಅವಳು ‘ನರ್ಸಬಾಯಿ.’ ಒಂದು ದಿನ ಸಿದ್ದುವನ್ನು ತೂಗಿದಳು. ತೂಕ ಚೆನ್ನಾಗಿಯೇ ಇತ್ತು. ಮೇಜಿನ ಮೇಲೆ ನಿಲ್ಲಿಸಲು ನೋಡಿದಳು. ಹುಡುಗ ಎರಡೂ ಕಾಲು ಮಡಚಿ ಹೊಟ್ಟೆಗೆ ಎಳೆದುಕೊಂಡ.

“ಏನಬೇ ತಿಪ್ಪವ್ವಾ, ಇಂವಾ ಇನ್ನೂ ನಿಂದ್ರೂದಿಲ್ಲೇನು?”

“ಯಾಕ ನಿಂದರಬೇಕು? ನಾ ನಿಂತೇನಲ್ಲ.”

“ಮಾತರ ಆಡತಾನೋ?”

“ಮಾತ್ಯಾಕ ಬೇಕ್ರಿ ನರ್ಸಬಾಯಿ? ಹುಬ್ಬು ಎತ್ತಿದ ಅಂದ್ರ ನೀರು. ತುಟಿ ಮುಂದ ಮಾಡಿದ ಅಂದ್ರ ಹಾಲು. ಕಿವಿ ಜಗ್ಗಿಕೊಂಡ ಅಂದ್ರ ನಿದ್ದಿ. ಅಂವಾ ಕೇಳೂದ್ರೊಳಗ ನಾ ಕೊಟ್ಟಿರ್ತೇನಿ.”

ಇದನ್ನು ಅವಳು ಹೆಮ್ಮೆಯಿಂದ ಹೇಳಿದಳು. ಹೆಮ್ಮೆಪಡುವಂಥದ್ದೇ. ಹುಡುಗನ ಮುಖವನ್ನು ಅಷ್ಟು ಚೆನ್ನಾಗಿ ಓದಿದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಹಜರಾಬಿ ತಲೆಗೆ ಕೈ ಹಚ್ಚಿಕೊಂಡಳು. “ಎಲ್ಲಾ ಶಾಣ್ಯಾತನ ನೀನ ಮಾಡಿ ಮುಗಿಸಿದ್ರ ಅಂವಗ ಏನ್ ಉಳೀತಬೇ?”

ತಿಪ್ಪವ್ವ ಸಿದ್ದುವನ್ನು ಕಸಿದುಕೊಂಡು ಹೊರಟೇಬಿಟ್ಟಳು. ರಾಮವ್ವ ಹಿಂದೆ ಉಳಿದಳು. ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುವುದು ಅವಳ ಕಿವಿಗೆ ಬಿದ್ದಿತ್ತು.

“ನರ್ಸಬಾಯಿ, ನಮ್ಮ ಹುಡುಗ ಮೂಕ ಏನ್ರಿ? ಖರೇ ಹೇಳ್ರಿ.”

ಮುಂದಿನ ವಾರ ಹಜರಾಬಿ ಅತ್ತೆ, ಸೊಸೆ, ಮೊಮ್ಮಗ ಮೂವರನ್ನೂ ಇಂಡಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಹುಡುಗನ ಬೆನ್ನ ಹಿಂದೆ ನಿಂತು ಬಟ್ಟಲು ಬಾರಿಸಿದರು. ಅವನು ತಿರುಗಿ ನೋಡಿದ. ಮೊಣಕಾಲು ತಟ್ಟಿದರು, ಬಾಯೊಳಗೆ ನೋಡಿದರು. “ಹುಡುಗಗ ಏನೂ ಆಗಿಲ್ಲ. ಮಾಡಾಕ ನೀವು ಏನೂ ಬಿಟ್ಟಿಲ್ಲ, ಅಷ್ಟ. ಕೆಳಗ ಬಿಡ್ರಿ. ಹಿಂಗ ಇನ್ನೊಂದ ವರ್ಷ ಹೊತ್ತು ತಿರುಗಿದ್ರ ಮುಂದ ಕಲಿಸೂದು ತ್ರಾಸ ಆಗತೈತಿ” ಎಂದು ಬೈದರು.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತಿಪ್ಪವ್ವ ಡಾಕ್ಟರಿಗೆ ಉತ್ತರ ಕೊಟ್ಟಳು. ಡಾಕ್ಟರು ಎದುರಿಗೆ ಇಲ್ಲದ್ದರಿಂದ ಹಜರಾಬಿ ಕೇಳಿಸಿಕೊಳ್ಳಬೇಕಾಯಿತು.

“ನಾ ಮಾತ ಕೊಟ್ಟದ್ದು ದೇವರಿಗೆ. ಡಾಕ್ಟರಗಲ್ಲ.”

“ಹರಕಿ ಮುರಿ ಅಂತ ನಾ ಅಂದ್ನೇನು? ನಾನೂ ನನ್ನ ಮಗಳ ಸಲುವಾಗಿ ದರ್ಗಾಕ್ಕ ಹೊತ್ತಾಕಿನ.”

“ಮತ್ತ?”

“ನಿನ್ನ ಮುಂಚೆ ಹುಟ್ಟಿದಾವು ಉಳಿಲಿಲ್ಲಂತ ನಿಮ್ಮವ್ವ ನಿನ್ನ ತಿಪ್ಪಿ ಮ್ಯಾಲೆ ಹೊಳ್ಳಾಡಿಸಿ ಈ ಹೆಸರ ಇಟ್ಟಾಳ. ಹೌದಿಲ್ಲೋ? ತಿಪ್ಪ್ಯಾಗ ಹೊಳ್ಳಾಡಿದಾಕಿ ನೀ ಇಷ್ಟ ಗಟ್ಟಿ ಅದಿ. ಮೊಮ್ಮಗನ್ನ ಮಾತ್ರ ಅಂತರದಾಗ ಇಟ್ಟಿ.”

ಬಸ್ಸಿನಲ್ಲಿದ್ದವರು ನಕ್ಕರು. ತಿಪ್ಪವ್ವ ನಗಲಿಲ್ಲ. ಊರು ಬರುವತನಕ ಕಿಟಕಿಯ ಹೊರಗೆ ನೋಡುತ್ತ ಕೂತಳು. ಸಿದ್ದು ಹುಬ್ಬು ಎತ್ತಿದ. ಅವಳು ನೋಡದೆಯೇ ಚೀಲದಿಂದ ನೀರಿನ ತಂಬಿಗೆ ತೆಗೆದಳು.

ರಾಮವ್ವ ಒಂದು ಸಂಜೆ ನನ್ನ ಬಾಗಿಲಿಗೆ ಬಂದಳು. “ನೀವು ಕಲತವರು. ನಮ್ಮತ್ತಿಗೆ ಒಂದ ಮಾತ ತಿಳಿಸಿ ಹೇಳ್ರಿ ಮಾಸ್ತರ.” ನಾನು ಹೋದೆ. ತಿಳಿಸಿ ಹೇಳಿದೆ. ಹುಟ್ಟಿದ ಕೂಸಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ತೂಗುತ್ತದೆ, ಎರಡು ವರ್ಷ ತುಂಬುವುದರೊಳಗೆ ಸುಮಾರು ಮುಕ್ಕಾಲು ಭಾಗವಾಗುತ್ತದೆ. ತಲೆಯೊಳಗೆ ನರಗಳ ನಡುವೆ ಕೊಂಡಿ ಕೂಡುವುದು ಈ ವರ್ಷಗಳಲ್ಲೇ ಭರದಿಂದ ನಡೆಯುತ್ತದೆ. ಮಗು ಕೈ ಚಾಚಿದಾಗ, ಬಿದ್ದು ಎದ್ದಾಗ, ಕೂಗಿ ಉತ್ತರ ಪಡೆದಾಗ ಆ ಕೊಂಡಿ ಗಟ್ಟಿಯಾಗುತ್ತದೆ. ಬಳಸದ ಕೊಂಡಿ ಸಡಿಲಾಗುತ್ತದೆ.

ತಿಪ್ಪವ್ವ ಪೂರ್ತಿ ಕೇಳಿದಳು. “ಹಂಗಾರ ಉಳದ ಕಾಲಭಾಗ ನಿಮಗ ಯಾವಾಗ ಬರತೈತ್ರಿ ಮಾಸ್ತರ?”

ಮಗ್ಗದ ಕುಣಿಯಿಂದ ಧೂಳಪ್ಪನ ನಗೆ ಕೇಳಿಸಿತು.

“ನಗೂ ಮಾತಲ್ಲ ತಿಪ್ಪವ್ವಾ. ತೂಗಿ ನೋಡಿ ಬರದಾರ.”

“ತಲಿಯೊಳಗಿನ ಮಿದುಳು ತಕ್ಕಡಿಗೆ ಹೆಂಗ ಬಂತು?”

ತೀರಿಹೋದ ಮಕ್ಕಳದ್ದನ್ನು ತೂಗಿ ತಿಳಿದುಕೊಂಡದ್ದು ಎಂದು ಹೇಳಿದೆ. ಅವಳ ಮುಖದ ಚೇಷ್ಟೆ ಅಳಿದುಹೋಯಿತು. ಸೆರಗು ಎಳೆದು ಸಿದ್ದುವಿನ ತಲೆ ಮುಚ್ಚಿದಳು.

“ಸತ್ತ ಕೂಸಿನ ತೂಕ ನನಗ ಹೇಳಬ್ಯಾಡ್ರಿ. ಈ ಮನ್ಯಾಗಿಂದ ಎರಡು ಹೋಗ್ಯಾವ.”

ಅವಳು ಒಳಗೆ ಹೋದಳು. ರಾಮವ್ವ ಮತ್ತೆ ಉಣ್ಣೆಯ ಗುಡ್ಡೆಯ ಮುಂದೆ ಹಿಂಜಲು ಕೂತಳು. ಮಗ್ಗದ ಲಾಳಿಯ ಸಪ್ಪಳ ನಿಂತಿತ್ತು.

“ಏ ತಿಪ್ಪೀ,” ಎಂದು ಧೂಳಪ್ಪ ಕುಣಿಯಿಂದಲೇ ಕರೆದ. “ಹರಕಿ ಹೊತ್ತದ್ದು ಮಣ್ಣಿಗೆ ಕಾಲು ಹಚ್ಚಂಗಿಲ್ಲಂತ. ಹೌದಲ್ಲೋ?”

“ಹೌದು. ಅದಕ್ಕ?”

“ದೇವರನ್ನ ನಾವು ಯಾತರ ಮ್ಯಾಲೆ ಕೂಡ್ರಸ್ತೇವಿ?”

“ಕಂಬಳಿ ಮ್ಯಾಲೆ.”

“ಮತ್ತ ಇಂವಾ ದೇವರಿಗಿಂತ ದೊಡ್ಡಾಂವೇನು?”

ಅಷ್ಟು ಹೇಳಿ ಅವನು ಮಗ್ಗದಿಂದ ಆಗತಾನೆ ಇಳಿಸಿದ್ದ ಕರಿ ಕಂಬಳಿಯನ್ನು ಪಡಸಾಲೆಗೆ ಎಸೆದ. ತಿಪ್ಪವ್ವ ಸಿದ್ದುವನ್ನು ಎತ್ತಿಕೊಂಡೇ ಹೊರಗೆ ಬಂದು ಆ ಕಂಬಳಿ ನೋಡಿದಳು.

“ಹರಕೊಂತ ಅಂಚಿಗೆ ಬಂದ್ರ?”

“ಅಂಚಿನ ಮ್ಯಾಲೆ ನೀ ಕೂಡು.”

ಆ ದಿನ ಧೂಳಪ್ಪ ಎರಡು ಮಾತಿನ ಲೆಕ್ಕ ಮೀರಿದ್ದ. ಮುಂದೆ ಒಂದು ವಾರ ಮಾತನಾಡಲಿಲ್ಲ.

ಸಿದ್ದುವನ್ನು ಕಂಬಳಿಯ ಮೇಲೆ ಇಳಿಸಿದರು. ಹೊಸ ಕಂಬಳಿ, ಹುಣಸೆ ಬೀಜದ ಗಂಜಿ ಕುಡಿದು ಬಿರುಸಾಗಿತ್ತು, ಚುಚ್ಚುತ್ತಿತ್ತು. ಹುಡುಗ ಗಂಟಲು ಹರಿಯುವ ಹಾಗೆ ಅತ್ತ. ತಿಪ್ಪವ್ವ ಮರುಕ್ಷಣ ಎತ್ತಿಕೊಂಡಳು. “ನೋಡ್ರಿ, ಆತ? ಸಮಾಧಾನ ಆತ ಎಲ್ಲಾರಿಗೂ?” ಎಂದು ನಮ್ಮೆಲ್ಲರನ್ನೂ ಬೈದಳು. ರಾಮವ್ವ ಒಳಗಿನಿಂದ ಹಳೆಯ, ಮೆತ್ತಗಾದ ಕಂಬಳಿ ತಂದು ಹಾಸಿದಳು. ಮತ್ತೆ ಇಳಿಸಿದರು. ಮತ್ತೆ ಅಳು, ಮತ್ತೆ ಬಗಲು. ಹೀಗೇ ಆ ವಾರ ಹೋಯಿತು. ಹುಡುಗ ಕಂಬಳಿಯ ಮೇಲೆ ಇದ್ದದ್ದಕ್ಕಿಂತ ಕಂಬಳಿಯ ಮೇಲಿಂದ ಎತ್ತಿಸಿಕೊಂಡದ್ದೇ ಹೆಚ್ಚು.

ಕೊನೆಗೆ ಅವನನ್ನು ಹರಿದಾಡಿಸಿದ್ದು ಒಂದು ಲಾಳಿ. ಧೂಳಪ್ಪ ಹಳೆಯ ಲಾಳಿಯೊಂದನ್ನು ಕಂಬಳಿಯ ಆ ತುದಿಗೆ ಉರುಳಿಸಿದ. ಸಿದ್ದು ಅಜ್ಜಿಯ ಮುಖ ನೋಡಿ ಹುಬ್ಬು ಎತ್ತಿದ. ತಿಪ್ಪವ್ವ ನೀರು ತರಲು ಎದ್ದಳು. ಅವನಿಗೆ ಬೇಕಾದದ್ದು ನೀರಲ್ಲ, ಲಾಳಿ. ಅವಳು ನೀರು ತರುವಷ್ಟರಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಲಾಳಿ ಹಿಡಿದುಬಿಟ್ಟಿದ್ದ. ತಂಬಿಗೆ ಹಿಡಿದುಕೊಂಡು ನಿಂತ ತಿಪ್ಪವ್ವನಿಗೆ ತನ್ನ ಲೆಕ್ಕ ಮೊದಲ ಸಲ ತಪ್ಪಿದ್ದು ತಿಳಿಯಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಒಮ್ಮೆ ರುಚಿ ಹತ್ತಿದ ಮೇಲೆ ಅವನು ನಿಲ್ಲಲಿಲ್ಲ. ಪಡಸಾಲೆ ಸಾಲದೆ ಅಂಗಳಕ್ಕೆ, ಅಂಗಳ ಸಾಲದೆ ಎಮ್ಮೆಯ ಕಡೆಗೆ. ತಿಪ್ಪವ್ವ ಎರಡು ಕಂಬಳಿ ಇಟ್ಟುಕೊಂಡಳು. ಹುಡುಗ ಒಂದನ್ನು ದಾಟುತ್ತಿದ್ದಂತೆ ಹಿಂದಿನದನ್ನು ಎಳೆದು ಮುಂದೆ ಹಾಸುವುದು, ಅವನು ಅದರ ಮೇಲೆ ಬರುತ್ತಿದ್ದಂತೆ ಮತ್ತೆ ಹಿಂದಿನದನ್ನು ಎಳೆಯುವುದು. ಅವನು ನೆಟ್ಟಗೆ ಹೋಗುವವನಲ್ಲ. ಎಡಕ್ಕೆ ಹಾಸಿದರೆ ಬಲಕ್ಕೆ ತಿರುಗುತ್ತಿದ್ದ. “ಇತ್ತಾಗ ಬಾರೋ ಹಲ್ಕಾ! ಏ ರಾಮೀ, ಆ ಚುಂಗು ಹಿಡಿ, ಹೋತ ಹೋತ, ಕೈ ಹೊರಗ ಬಂತು!” ಎಂಬ ಕೂಗು ಮುಂಜಾನೆಯಿಂದ ಸಂಜೆಯವರೆಗೆ ನನ್ನ ಗೋಡೆಗೆ ಬಡಿಯುತ್ತಿತ್ತು. ಸೊಲ್ಲಾಪುರದ ರಸ್ತೆಯ ಲಾರಿಗಳ ಸಪ್ಪಳ ಅದರ ಮುಂದೆ ಏನೂ ಅಲ್ಲ. ನೂಲುವ ಕೆಲಸ ಹಿಂದೆ ಬಿತ್ತು. ಧೂಳಪ್ಪ ಒಮ್ಮೆ ತಲೆ ಎತ್ತಿ, “ನಾ ನೇಯೂದು ಮಂದಿ ಹೊಚ್ಚಿಕೊಳ್ಳಾಕೋ, ಇವಗ ರಸ್ತೆ ಮಾಡಾಕೋ?” ಎಂದು ಕೇಳಿ ಮತ್ತೆ ತಲೆ ತಗ್ಗಿಸಿದ.

ದೀಪಾವಳಿಯ ಹೊತ್ತಿಗೆ ಸಿದ್ದು ಕಂಬಳಿಯ ಮೇಲೆ ಮಗ್ಗದ ಗೂಟ ಹಿಡಿದು ನಿಲ್ಲುತ್ತಿದ್ದ. ಮಾತು ಮಾತ್ರ ಇರಲಿಲ್ಲ.

“ಕಾಲ ಬಿಟ್ಟಿ, ಬಾಯಿ ಇನ್ನೂ ಬಗಲಾಗ ಇಟಕೊಂಡಿ,” ಎಂದಳು ಹಜರಾಬಿ. “ಅಂವಾ ಹುಬ್ಬು ಎತ್ತಿದ್ರ ಕೊಡಬ್ಯಾಡ. ಬೇಕೋ ವಲ್ಲ್ಯೋ ಅಂತ ಕೇಳು. ಕೇಳಿ ನಿಂದ್ರು.”

“ತಿಳೀದ ಕೂಸಿನ ಮುಂದ ಏನ್ ಮಾತಾಡ್ಲಿ? ಗ್ವಾಡಿ ಜೋಡಿ ಮಾತಾಡಿದಂಗ.”

“ನಿಮ್ಮನಿಯವರ ಜೋಡಿ ಇಷ್ಟ ವರ್ಷ ಮಾತಾಡಿಲ್ಲೇನು?”

ಈ ಸಲ ಧೂಳಪ್ಪ ನಗಲಿಲ್ಲ, ತಿಪ್ಪವ್ವ ನಕ್ಕಳು.

ಹರಕೆಗಿಂತ ಕಷ್ಟವಾದದ್ದು ಇದೇ. ಹರಕೆಗೆ ಹೊತ್ತರೆ ಸಾಕಿತ್ತು. ಇದಕ್ಕೆ ಸುಮ್ಮನೆ ಕೂಡಬೇಕಿತ್ತು. ಸಿದ್ದು ಹುಬ್ಬು ಎತ್ತುತ್ತಿದ್ದ. “ನೀರ ಬೇಕೋ ವಲ್ಲ್ಯೋ?” ಎಂದು ಕೇಳಿ ತಿಪ್ಪವ್ವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂಡುತ್ತಿದ್ದಳು. ಹುಡುಗ ಹುಬ್ಬನ್ನು ಇನ್ನೂ ಮೇಲೆ ಎತ್ತುತ್ತಿದ್ದ. ಆಮೇಲೆ ತುಟಿ ನಡುಗುತ್ತಿತ್ತು. ಅವಳ ಒಂದು ಕೈ ತಾನಾಗಿಯೇ ಹೊರಗೆ ಬಂದು ತಂಬಿಗೆ ಹಿಡಿಯುತ್ತಿತ್ತು. ರಾಮವ್ವ “ಅತ್ತೀ!” ಎನ್ನುತ್ತಿದ್ದಳು. “ಏನ್ ಅತ್ತಿ? ನೀರಿಲ್ಲದ ಸಾಯಲಿ?” ಎಂದು ತಿಪ್ಪವ್ವ ಎಗರುತ್ತಿದ್ದಳು. ಸೊಸೆ ಬಾವಿಗೆ ಹೋದಾಗ ಅವಳು ಹುಡುಗ ಕೇಳದೆಯೇ ಎಲ್ಲವನ್ನೂ ಕೊಡುತ್ತಿದ್ದುದನ್ನು ನಾನು ಬಾಗಿಲಿನಿಂದ ಕಂಡಿದ್ದೇನೆ. ನಾನು ಕಂಡದ್ದನ್ನು ಅವಳೂ ಕಂಡಳು. “ಸಾಲಿಗೆ ಹೊತ್ತಾತ ಮಾಸ್ತರ” ಎಂದಳು. ಅಂದು ರವಿವಾರ.

ಕಾಳಪ್ಪ ದೀಪಾವಳಿಗೆ ಬರುತ್ತೇನೆಂದವನು ಬರಲಿಲ್ಲ. ಬಾಗೇವಾಡಿ ಕಡೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ತಿಪ್ಪವ್ವ ಮಾತು ಕಳಿಸಿದಳು. ಡೋಣಿ ಹೊಳೆಯ ದಂಡೆಯ ರೈತರು ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ಕೂಡ್ರಿಸಿಕೊಂಡಿದ್ದಾರೆ, ಒಂದು ಹೊಲ ಮುಗಿದರೆ ಪಕ್ಕದವನು ಬಿಡುತ್ತಿಲ್ಲ ಎಂದು ಉತ್ತರ ಬಂತು. “ಕುರಿ ಹಿಕ್ಕಿಗೆ ಇರೂ ಕಿಮ್ಮತ್ತು ನನ್ನ ಮೊಮ್ಮಗನ ಕೂದಲಿಗಿಲ್ಲ!” ಎಂದು ಅವಳು ಕಂಡಕ್ಟರನನ್ನೇ ಬೈದಳು. ಮಾತಿಗೂ ಜವಳಕ್ಕೂ ಅವಳು ಗಂಟು ಹಾಕಿಬಿಟ್ಟಿದ್ದಳು: ಜವಳವಾದ ದಿನವೂ ಹುಡುಗ ಮಾತಾಡದಿದ್ದರೆ ಊರಿನವರು ಹೇಳುವುದೇ ಖರೆ. ಅದನ್ನು ಹೊರಗಿನವರ ಯಾರ ಮುಂದೆಯೂ ಹೇಳಲಿಲ್ಲ. ರಾಮವ್ವನ ಮುಂದೆ ಒಮ್ಮೆ ಹೇಳಿ, ಹೇಳಿದ್ದಕ್ಕೆ ಅವಳನ್ನೇ ಗದರಿದಳು.

ಸಂಕ್ರಾಂತಿಯ ಹೊತ್ತಿಗೆ ಸಿದ್ದು ಕಂಬಳಿಯ ಮೇಲೆ ನಾಲ್ಕು ಹೆಜ್ಜೆ ಇಡತೊಡಗಿದ್ದ. ಹಬ್ಬ ಕಳೆದ ಮೇಲೆ ಕಾಳಪ್ಪನಿಂದ ಹೇಳಿಕೆ ಬಂತು: ಇಂಗಳೇಶ್ವರಕ್ಕೆ ಬರ್ರಿ, ತನ್ನ ಹೊಲದ ಬದುವಿನ ಅಮೋಘಸಿದ್ಧನ ಗುಡಿಯಲ್ಲಿ ಜವಳ. ನನ್ನನ್ನೂ ಕರೆದರು. ಬಿಜಾಪುರದಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ, ಅಲ್ಲಿಂದ ಮತ್ತೊಂದು ಬಸ್ಸು. ಮೂರೂ ಬಸ್ಸಿನಲ್ಲಿ ಕಂಬಳಿ ಹಾಸಿಯೇ ಸಿದ್ದುವನ್ನು ಕೂಡ್ರಿಸಿದರು. ರಾಮವ್ವನ ಗಂಡ ಕುರಿಗಳನ್ನು ಹೊಲದಲ್ಲಿ ಬಿಟ್ಟು ಅಲ್ಲಿಗೇ ಬಂದಿದ್ದ.

ಗುಡಿ ಚಿಕ್ಕದು, ಒಂದು ಬೇವಿನ ಮರ, ಸುತ್ತ ಕರಿ ಮಣ್ಣು. ಕಾಳಪ್ಪ ಕಂಬಳಿ ಹಾಸಿ ಕೂತು ಅಳಿಯನನ್ನು ತೊಡೆಗೆ ಎಳೆದುಕೊಂಡ. ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ.

“ಏನ್ ಅಳಿಯಾ, ಮಾಮಾ ಅನ್ನು. ಅನ್ನೂದಿಲ್ಲಾ? ಏನಬೇ ಯವ್ವಾ, ಹುಡುಗ ಬಾಯಿ ಬಿಡೂದಿಲ್ಲಂತ ಖರೇನು?”

“ನೀ ಬಾಯಿ ಮುಚ್ಚಿ ಕತ್ತರಿ ಹಿಡಿ,” ಎಂದಳು ತಿಪ್ಪವ್ವ. “ಎರಡು ವರ್ಷ ತಡಾ ಮಾಡಿ ಈಗ ಮಾತ ಕೇಳತಾನ ಮಾತ!”

ಮೊದಲ ಎಳೆ ಕತ್ತರಿಸಿದ್ದಾಯಿತು. ಉಳಿದದ್ದನ್ನು ನಾವಲಿಗ ತೆಗೆದ. ನುಣ್ಣಗಾದ ತಲೆಗೆ ಭಂಡಾರ, ದೇವರ ಅರಿಸಿನದ ಪುಡಿ, ಹಚ್ಚಿದರು. ಪೂಜಾರಿ ಕಾಯಿ ಒಡೆದು, “ಇಳಸ್ರಿ ಇನ್ನ” ಎಂದ.

ತಿಪ್ಪವ್ವ ಹುಡುಗನನ್ನು ಎತ್ತಿಕೊಂಡು ಕಂಬಳಿಯ ಆಚೆ ಬಂದಳು. ಮಣ್ಣಿನ ಮೇಲೆ ನಿಂತು ಮೆಲ್ಲಗೆ ಬಾಗಿದಳು. ಸಿದ್ದುವಿನ ಹೆಬ್ಬೆರಳು ಮಣ್ಣಿಗೆ ತಾಗಿತು. ಅವನು ಚೇಳು ಕಡಿದವನಂತೆ ಎರಡೂ ಕಾಲು ಮೇಲಕ್ಕೆಳೆದುಕೊಂಡ. ಅವಳು ಮತ್ತೆ ಬಾಗಿದಳು. ಅವನು ಮತ್ತೆ ಎಳೆದುಕೊಂಡ. ಹುಟ್ಟಿದಂದಿನಿಂದ ಉಣ್ಣೆಯನ್ನಷ್ಟೇ ತುಳಿದ ಕಾಲು ಅದು. ತಣ್ಣನೆಯ, ಪುಡಿಪುಡಿ ಮಣ್ಣನ್ನು ಅದು ಹೇಗೆ ಒಪ್ಪೀತು? ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ತಿಪ್ಪವ್ವನ ಬೆನ್ನು ನೋಯುತ್ತಿತ್ತು, ಮುಖ ಕೆಂಪಾಗಿತ್ತು.

“ಇಳಿಯೋ ನನ್ನಪ್ಪಾ! ಬೇಕೋ ವಲ್ಲ್ಯೋ?” ಎಂದು ರೂಢಿಯ ಬಲದ ಮೇಲೆ ಕಿರುಚಿದಳು.

“ವಲ್ಲೆ!” ಎಂದ ಸಿದ್ದು.

ಸ್ಪಷ್ಟವಾಗಿ, ಸಿಟ್ಟಿನಿಂದ, ಅಜ್ಜಿಯದೇ ದನಿಯಲ್ಲಿ ಅಂದ. ಕಾಳಪ್ಪ ಕಂಬಳಿಯಿಂದ ಎದ್ದು ನಿಂತ. ರಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹರಕಿ ತೀರಿಸೂ ಹೊತ್ತಿಗೆ ದೇವರ ಮುಂದ ವಲ್ಲೆ ಅಂತೈತಲ್ಲಾ ಇದು,” ಎಂದ ಪೂಜಾರಿ.

“ಅನ್ನಲಿ ಬಿಡ್ರಿ! ಬಾಯಿಗೆ ಮಾತ ಕೊಟ್ಟಾಂವ ಆ ದೇವರ, ಮೊದಲ ಅವನ ಕೇಳಲಿ,” ಎಂದಳು ತಿಪ್ಪವ್ವ. ಅವಳ ಕಣ್ಣಿಂದ ನೀರು ಇಳಿದು ಹುಡುಗನ ಬೋಳು ತಲೆಯ ಭಂಡಾರಕ್ಕೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಲ್ಲಿಂದ ಮುಂದೆ ಅವನು ನಿಲ್ಲಿಸಲಿಲ್ಲ. ಹೋಳಿಗೆಗೆ ವಲ್ಲೆ, ಹಾಲಿಗೆ ವಲ್ಲೆ, ಮಾಮನ ಮೀಸೆಗೆ ವಲ್ಲೆ. ಸಂಜೆ ಬಸ್ಸಿನ ಹೊತ್ತಾಯಿತು. ಗುಡಿಯಿಂದ ರಸ್ತೆಗೆ ನಾಲ್ಕು ಮಾರು ಬದು. ಕಾಳಪ್ಪ ಅಳಿಯನನ್ನು ಹೆಗಲಿಗೆ ಹಾಕಿಕೊಳ್ಳಲು ಬಂದ. ತಿಪ್ಪವ್ವ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

“ಹರಕಿ ಮುಗೀತು. ಇನ್ನ ಇಂವಾ ನಡಕೊಂತ ಬರತಾನ. ನಡಿಯೋ.”

“ವಲ್ಲೆ.”

“ವಲ್ಲೆ ಅಂದ್ರ ನಾನೂ ಇಲ್ಲೇ.” ಅವಳು ಮಡಚಿದ ಕಂಬಳಿಯನ್ನು ರಾಮವ್ವನ ಕೈಗೆ ಕೊಟ್ಟು, ಕರಿ ಮಣ್ಣಿನ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಸಿದ್ದುವನ್ನು ತೊಡೆಯ ಮೇಲೆ ಕೂಡ್ರಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು.

ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. “ಯವ್ವಾ, ಬಸ್ ಹೊಂಟೈತಿ!” ಎಂದು ಕಾಳಪ್ಪ ಕೂಗಿದ.

“ಹೋಗ್ಲಿ.”

ಧೂಳಪ್ಪ ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಹೆಂಡತಿಯನ್ನು ನೋಡಿ, ಕಂಡಕ್ಟರನಿಗೆ ಕೈ ಬೀಸಿ, ಕೆಳಗಿಳಿದ. ಬಸ್ಸು ಧೂಳೆಬ್ಬಿಸಿ ಹೋಯಿತು.

ಸಿದ್ದು ಹುಬ್ಬು ಎತ್ತಿದ. ತಿಪ್ಪವ್ವ ಮುಖವನ್ನು ಬೇವಿನ ಮರದ ಕಡೆ ತಿರುಗಿಸಿಕೊಂಡಳು. ನೋಡಿದರೆ ತನ್ನ ಕೈ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಡುಗ ಅವಳ ಕುಪ್ಪಸ ಹಿಡಿದು, ಒಂದು ಕಾಲನ್ನು ತೊಡೆಯಿಂದ ಕೆಳಗೆ ಬಿಟ್ಟ. ಬೆರಳು ಮಣ್ಣಿಗೆ ತಾಗಿತು, ಮೇಲೆ ಬಂತು, ಮತ್ತೆ ತಾಗಿತು. ಈ ಸಲ ಮೇಲೆ ಬರಲಿಲ್ಲ. ಇನ್ನೊಂದು ಕಾಲು ಇನ್ನೂ ಅವಳ ತೊಡೆಯ ಮೇಲೇ ಇತ್ತು.

“ಲಗೂ ಮಾಡೋ ನನ್ನಪ್ಪಾ,” ಎಂದಳು ತಿಪ್ಪವ್ವ ಮರಕ್ಕೆ. “ಮುಂದಿನ ಬಸ್ಸರ ಸಿಗಲಿ.”